ಕಲಬುರಗಿಯಿಂದ ಮುಂಬೈ ಕ್ರೂಸ್: ಅದೇ ದಿನವಾ, ಹಿಂದಿನ ದಿನವಾ?

ಕಾಕಾ, ನಿಮ್ಮ ಮುಂದೆ ಎರಡು ದಾರಿ ಇವೆ. ಹುಸೇನ್ ಸಾಗರ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ನಲ್ಲಿ ಇಳಿದು ಅದೇ ದಿನ ಹಡಗು ಹತ್ತುವುದು. ಇಲ್ಲವೇ ಒಂದು ದಿನ ಮುಂಚೆ ಹೋಗಿ ಲಾಡ್ಜ್‌ನಲ್ಲಿ ಉಳಿಯುವುದು.

ಖರ್ಚು ನೋಡಿದರೆ ಮೊದಲನೆಯದೇ ಹಗುರ. ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಧಕ್ಕೆ ಸಿಎಸ್‌ಎಂಟಿಗೆ ಹತ್ತಿರ, ಟ್ಯಾಕ್ಸಿ ಸಾಕು.

ಸಮಯದ ಲೆಕ್ಕವೇ ಬೇರೆ. ಟಿಕೆಟ್‌ನಲ್ಲಿರುವ ಹೊರಡುವ ಹೊತ್ತನ್ನು ನಂಬಿ ಕೂರಬೇಡಿ. ಚೆಕ್-ಇನ್ ಸಾಮಾನ್ಯವಾಗಿ ಅದಕ್ಕಿಂತ ಒಂದೆರಡು ಗಂಟೆ ಮೊದಲೇ ಮುಚ್ಚುತ್ತದೆ. ಕೈ ತೋರಿಸಿದರೆ ನಿಲ್ಲಲು ಅದೇನು ಆಳಂದ ಬಸ್ಸಾ? ಸಂಜೆ ಹೊರಡುವ ಹಡಗಾದರೆ ರೈಲು ಎರಡು ತಾಸು ತಡವಾದರೂ ನಡೆಯುತ್ತದೆ. ಮಧ್ಯಾಹ್ನಕ್ಕೇ ಕೌಂಟರ್ ಮುಚ್ಚುವುದಿದ್ದರೆ ನಾನಂತೂ ಹಿಂದಿನ ದಿನವೇ ಹೋಗುತ್ತೇನೆ. ಮಂಡಿನೋವಿನ ಕಾಕಿ ಜೊತೆಗಿದ್ದರೂ ಅಷ್ಟೇ.

ಎರಡರಲ್ಲೂ ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ. ಬೋರ್ಡಿಂಗ್ ಸ್ಲಾಟ್ (ಹಡಗು ಹತ್ತುವ ಹೊತ್ತು) ಆರಿಸಲು ಬಿಟ್ಟರೆ, ಬೆಳಿಗ್ಗೆಯೇ ಇಳಿದವರಿಗೆ ಮೊದಲಿನದು ಒಳ್ಳೆಯದು: ಹಡಗಿನಲ್ಲಿ ರೂಮು ಆಗಲೇ ಸಿಗದಿದ್ದರೂ ಊಟ ಸಿಗುತ್ತದೆ. ಲಾಡ್ಜ್‌ನಲ್ಲಿ ಇರುವವರು ಕೊನೆಯ ಕಡೆಯದು ತಗೊಂಡರೂ ಆಯ್ತು.

ಚೆಕ್-ಇನ್‌ನಲ್ಲಿ ಕೊಟ್ಟ ಸೂಟ್‌ಕೇಸ್ ರೂಮಿಗೆ ಬರಲು ಹೊತ್ತಾಗುತ್ತದೆ. ಮಾತ್ರೆ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ. ಹೊರಗಿನ ಊಟ ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ರೈಲಿನಲ್ಲೇ ಖಾಲಿ ಮಾಡಿ.