ಎರಡು ಸ್ಟಾರ್, ಎರಡೂ ಕೌಂಟರಿನ ಹುಡುಗಿಗೆ

ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಬ್ಯಾಂಕ್ ಶಾಖೆ. ಹೆಸರು ಬೇಡ. ಒಂದು ಎಕರೆ ಸೇವಂತಿಗೆಗೆ ಬೆಳೆ ಸಾಲ ಕೇಳಿದ್ದೆ. ಅರ್ಜಿ ಕೊಟ್ಟದ್ದು ಶಿವರಾತ್ರಿ ಕಳೆದ ವಾರ. ದುಡ್ಡು ಖಾತೆಗೆ ಬಿದ್ದದ್ದು ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ. ಅಷ್ಟೊತ್ತಿಗೆ ಮಂಡಿಯವರ ಹತ್ತಿರ ಅಡ್ವಾನ್ಸ್ ತಗೊಂಡು ಸಸಿ ನೆಟ್ಟಾಗಿತ್ತು. ಮಂಡಿ ಅಡ್ವಾನ್ಸ್ ಅಂದರೆ ಗೊತ್ತಲ್ಲ, ಹೂವು ಅವರಿಗೇ ಹಾಕಬೇಕು, ಅವರು ಹೇಳಿದ್ದೇ ರೇಟು.

ಶಾಖೆಯವರು ಕೆಟ್ಟವರಲ್ಲ. ಕೌಂಟರಿನ ಹುಡುಗಿ ಉತ್ತರದ ಕಡೆಯವಳು, ಕನ್ನಡ ಕಲಿಯುತ್ತಿದ್ದಾಳೆ. 'ಸೇವಂತಿಗೆ' ಅಂತ ನಾಲ್ಕು ಸಲ ಹೇಳಿಸಿಕೊಂಡಳು. ಆಮೇಲೆ ಕಂಪ್ಯೂಟರಿನ ಬೆಳೆ ಪಟ್ಟಿಯಲ್ಲಿ ಮೇಲೆ ಕೆಳಗೆ ಹುಡುಕಿದಳು. ಭತ್ತ ಇತ್ತು, ಗೋಧಿ ಇತ್ತು, ಸೇವಂತಿಗೆ ಇರಲಿಲ್ಲ. ಪಾಪ, ಕೊನೆಗೆ 'ಇತರೆ' ಒತ್ತಿದಳು. ನನ್ನ ಹೊಲ 'ಇತರೆ' ಆಗಿ ಬೆಂಗಳೂರಿಗೆ ಹೋಯಿತು. ಮಂಜೂರು ಮಾಡುವವರು ಅಲ್ಲಿದ್ದಾರಂತೆ, ಮ್ಯಾನೇಜರ್ ಕೈಯಲ್ಲಿ ಏನೂ ಇಲ್ಲವಂತೆ. ಅಲ್ಲಿಂದ ಬಂದ ಮೊದಲ ಪ್ರಶ್ನೆ, ಕಟಾವು ಯಾವ ತಾರೀಕು ಅಂತ. ಹೂವನ್ನು ಒಂದೇ ದಿನ ಕೊಯ್ದು ಮುಗಿಸುತ್ತಾರಾ ಸ್ವಾಮಿ?

ಅಪ್ಪನ ಖಾತೆ ಮೈಸೂರು ಬ್ಯಾಂಕಿನಲ್ಲಿತ್ತು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಶುರುವಾದ ಬ್ಯಾಂಕು ಅದು. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು. 2020ರ ಹೊತ್ತಿಗೆ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬೋರ್ಡುಗಳೂ ಇಳಿದವು. ಹಾಗಾಗಿ ರಾಜ್ಯಕ್ಕೊಂದು ಸ್ವಂತ ಬ್ಯಾಂಕ್ ಬೇಕು ಅಂತ ಯಾರಾದರೂ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ರೈತರು ಪಟ್ಟು ಹಿಡಿದು 1919ರಲ್ಲೇ ಮಾಡಿಸಿಕೊಂಡರು, ಇವತ್ತಿಗೂ ನಡೆಯುತ್ತಿದೆ. ಅದು ಬೀದಿಗೊಂದು ಶಾಖೆ ತೆರೆಯುವುದಿಲ್ಲ. ರಾಜ್ಯದ ದುಡ್ಡು ಇಟ್ಟುಕೊಂಡು, ಊರಿನ ಬ್ಯಾಂಕುಗಳ ಜೊತೆ ಸೇರಿ ಸಾಲ ಕೊಡುತ್ತದೆ.

ಟೀ ಅಂಗಡಿಯಲ್ಲಿ ಇದನ್ನೇ ಹೇಳಿದ್ದಕ್ಕೆ ಭಾವ ನಕ್ಕುಬಿಟ್ಟರು. "ಮೊದಲನೇ ಸಾಲ ಎಂಎಲ್‌ಎ ಹಿಂದೆ ಓಡಾಡೋರಿಗೆ. ಆಮೇಲೆ ಅದೇ ಸಾಲ ಮನ್ನಾ" ಅಂದರು. ಅದೂ ಸುಳ್ಳಲ್ಲ. ಗ್ರಾಮೀಣ ಬ್ಯಾಂಕಿನಲ್ಲಿ ಈಗಲೂ ರಾಜ್ಯಕ್ಕೆ ಶೇ 15 ಪಾಲಿದೆ. ಕೇಂದ್ರದ್ದು 50, ಅದನ್ನು ಹುಟ್ಟುಹಾಕಿ ನೋಡಿಕೊಳ್ಳುವ ದೊಡ್ಡ ಬ್ಯಾಂಕಿನದು (ಪ್ರಾಯೋಜಕ ಬ್ಯಾಂಕ್) 35. ಆ 15ರಿಂದ ನಮಗೇನು ಬಂತು ಅಂತ ಸುಮ್ನೆ ಕೇಳಿ ನೋಡಿ. ಮಾಲೀಕರು ಯಾರಾದರೂ ಆಗಲಿ, ಸಹಿ ಹಾಕುವವರು ಇಲ್ಲೇ ಕೂತಿರಲಿ. ಹಬ್ಬಕ್ಕೆ ಮೂರು ದಿನ ಮುಂಚೆ ಹೂವಿನ ರೇಟು ಯಾಕೆ ಹಾರುತ್ತದೆ ಅನ್ನುವುದು ಗೊತ್ತಿರಲಿ. ರಾಜ್ಯದ ಬ್ಯಾಂಕೇ ಬಂದು, ಫೈಲು ಮತ್ತೆ ಬೆಂಗಳೂರಿಗೇ ಹೋದರೆ ಏನು ಬಂತು?

ಈ ಶಾಖೆಗೆ ಹೋಗುವವರು ಪಹಣಿ, ಇಸಿ (ಜಮೀನಿನ ಋಣಭಾರ ಪತ್ರ) ಎರಡಕ್ಕೂ ನಾಲ್ಕು ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳಿ. ಬೇರೆ ಬ್ಯಾಂಕುಗಳ ನೋ ಡ್ಯೂ, ಅಂದರೆ ಸಾಲ ಬಾಕಿ ಇಲ್ಲ ಅನ್ನುವ ಪತ್ರ, ಮೊದಲೇ ತಂದಿಡಿ, ನನಗೆ ಅದೊಂದೇ ಮೂರು ವಾರ ತಿಂದಿತು. ಪೆನ್ನೂ ಒಯ್ಯಿರಿ. ಕೌಂಟರಿನಲ್ಲಿ ದಾರ ಇದೆ, ಪೆನ್ನಿಲ್ಲ.