ಲಿವರ್ ದಾನಕ್ಕೆ ಮೊದಲು: ಸಿಟಿ ಆಂಜಿಯೋ, ಎಂಆರ್, ಕ್ಯಾತಿಟರ್ ಆಂಜಿಯೋ
ಕುಂಬಳೆಯಿಂದ ಕೇಳಿದ್ದೀರಿ, ಲಿವರ್ ದಾನಿಯ ರಕ್ತನಾಳ ನೋಡಲು ಈ ಮೂರರಲ್ಲಿ ಯಾವ ಸ್ಕ್ಯಾನ್ ಎಂದು. ಹುಡುಕಬೇಕಾದ್ದು ದಾರಿ ತಪ್ಪಿದ ನಾಳ: ಕೆಲವರಲ್ಲಿ ಲಿವರಿನ ಬಲ ಅಪಧಮನಿ ಕರುಳಿನ ಅಪಧಮನಿಯಾದ ಸುಪೀರಿಯರ್ ಮೆಸೆಂಟರಿಕ್‌ನಿಂದ ಹುಟ್ಟಿ ಪೋರ್ಟಲ್ ಸಿರೆಯ (ಕರುಳಿನ ರಕ್ತವನ್ನು ಲಿವರಿಗೆ ತರುವ ಸಿರೆ) ಹಿಂದಿನಿಂದ ಬರುತ್ತದೆ, ಎಡದ್ದು ಜಠರದ ಎಡ ಅಪಧಮನಿಯಿಂದ. ಅಂಗರಚನಾ ತಜ್ಞ ಮಿಶೆಲ್ಸ್ 1966ರಲ್ಲಿ ಇವನ್ನು 10 ಬಗೆಯಾಗಿ ವಿಂಗಡಿಸಿದರು.

ಸಣ್ಣ ಕವಲು ಕಾಣಲು ಸಿಟಿ ಆಂಜಿಯೋವೇ (ಔಷಧ ಚುಚ್ಚಿ ಎಕ್ಸ್-ರೇಯಿಂದ ರಕ್ತನಾಳದ ಚಿತ್ರ ತೆಗೆಯುವುದು) ಮೇಲು. ಸ್ಲೈಸ್ (ಚಿತ್ರದ ಒಂದೊಂದು ಪದರ) 1 ಮಿ.ಮೀ. ಅಥವಾ ತೆಳು ಇರಲಿ. ಅಪಧಮನಿ ಹಂತದ (ಔಷಧ ಇನ್ನೂ ಅಪಧಮನಿಯಲ್ಲೇ ಇರುವಾಗಿನ) ಹೊತ್ತು ತಪ್ಪಿದರೆ ಸಿರೆಗಳೂ ಬೆಳಗಿ ಕವಲು ಮರೆಯಾಗುತ್ತದೆ. ವಿಕಿರಣ ಉಂಟು, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಮೊದಲೇ ನೋಡಿಸಿ.

ಸಿಟಿಯಲ್ಲಿ ಚುಚ್ಚುವ ಅಯೋಡಿನ್ ಔಷಧ ಆಗದವರಿಗೆ ಎಂಆರ್ (ಕಾಂತದಿಂದ ಚಿತ್ರ ತೆಗೆಯುವ ಸ್ಕ್ಯಾನ್). ಉಸಿರು ಬಿಗಿಹಿಡಿಯದಿದ್ದರೆ ಚಿತ್ರ ಮಸುಕು. ಪಿತ್ತನಾಳ ನೋಡಲು ಎಂಆರ್ ಯಂತ್ರದಲ್ಲೇ ಮಾಡುವ ಎಂಆರ್‌ಸಿಪಿ ಹೇಗೂ ಬೇಕಾದೀತು.

ತೊಡೆಯಿಂದ ತೂರಿಸುವ ಕ್ಯಾತಿಟರ್ (ತೆಳು ನಳಿಕೆ) ಆಂಜಿಯೋ ಬರೀ ನೋಡಲಿಕ್ಕೆ ದುಬಾರಿ. ದಾನಿಗಲ್ಲ, ಗಡ್ಡೆ ಇರುವ ರೋಗಿಗೆ ಗಡ್ಡೆಯ ರಕ್ತ ತಡೆಯುವ ಚಿಕಿತ್ಸೆಯನ್ನೂ ಅದೇ ಹೊತ್ತಿಗೆ ಮಾಡುವುದಿದ್ದರೆ ಸರಿ.

ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ ರಿಪೋರ್ಟ್ ಮಾತ್ರ ಸಾಲದು, ಸ್ಕ್ಯಾನ್ ಚಿತ್ರಗಳ ಸಿಡಿಯನ್ನೂ ಒಯ್ಯಿರಿ.