ಗೀಜರ್ ನೀರು, ಶುಂಠಿ ಬಿಯರ್: ಕಲಬುರಗಿಯಿಂದ ಒಂದು ವಿಮರ್ಶೆ

15 ಲೀಟರಿನ ಈ ಗೀಜರ್ ಸ್ನಾನಕ್ಕೆಂದೇ ತಂದಿದ್ದು. ಪ್ಲಂಬರ್‌ಗೆ ಹೇಳಿ ಒಂದು ಪೈಪನ್ನು ಅಡುಗೆಮನೆಗೂ ಎಳೆಸಿದೆ, ನನ್ನ ಶುಂಠಿ ಬಿಯರ್‌ಗಾಗಿ. ಹೆಸರಿಗೆ ಬಿಯರ್ ಅಷ್ಟೇ. ಶುಂಠಿ, ಸಕ್ಕರೆ, ನಿಂಬೆರಸ ಹುಳಿ ಬಂದು ಗುಳ್ಳೆ ಏಳುವ ತಂಪು ಪಾನೀಯ.

ಭಾನುವಾರ ಎದ್ದ ಕೂಡಲೇ ಸ್ವಿಚ್ ಹಾಕುತ್ತಿದ್ದೆ. 2000 ವ್ಯಾಟ್ ಕಾಯಿಲ್, ಇಪ್ಪತ್ತು ನಿಮಿಷದೊಳಗೆ ನೀರು 60 ಡಿಗ್ರಿ ಮುಟ್ಟುತ್ತದೆ. ಅಷ್ಟರಲ್ಲಿ ಚಮಚದ ಅಂಚಿನಿಂದ ಶುಂಠಿ ಸಿಪ್ಪೆ ಕೆರೆದು, ತುರಿದು, ಬಾಟಲಿಗಳನ್ನು ಸಿಂಕಿನಲ್ಲಿ ಸಾಲಾಗಿ ನಿಲ್ಲಿಸಿರುತ್ತಿದ್ದೆ. ನಲ್ಲಿ ತಿರುಗಿಸಿದರೆ ಸಕ್ಕರೆ ಗಳಿಗೆಯಲ್ಲಿ ಕರಗುತ್ತಿತ್ತು. ಗ್ಯಾಸ್ ಹಚ್ಚುವ ಗೋಜೇ ಇರಲಿಲ್ಲ. ಮೊದಮೊದಲು ಇದೇ ದೊಡ್ಡ ಖುಷಿ.

ಆಮೇಲೆ ವಾಸನೆ ಶುರುವಾಯಿತು. ಕೊಳೆತ ಮೊಟ್ಟೆಯ ವಾಸನೆ! ಎಷ್ಟು ಶುಂಠಿ ಸುರಿದರೂ ಮುಚ್ಚಲಿಲ್ಲ. ನಮ್ಮ ಗೀಜರ್‌ಗೆ ಬರುವುದು ಬೋರ್ ನೀರು. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಅಂತ ಒಳಗೆ ಮೆಗ್ನೀಶಿಯಂ ಕಡ್ಡಿ ಇಟ್ಟಿರುತ್ತಾರೆ. ಟ್ಯಾಂಕಿನ ಬದಲು ಅದೇ ಸವೆಯುತ್ತದೆ. ಕೆಲವು ಬೋರ್ ನೀರಿಗೆ ಅದು ಸೇರಿದರೆ ಈ ವಾಸನೆ. ಜೊತೆಗೆ ಗಡಸು ನೀರು ಕಾದಾಗ ಸುಣ್ಣ ತಳಕ್ಕಿಳಿದು, ಮೊದಲ ಚೊಂಬಿನಲ್ಲೇ ಬಿಳಿ ಚಕ್ಕೆ. ಸರ್ವೀಸಿನವರು ಬಂದು ಟ್ಯಾಂಕ್ ತೊಳೆದು ಕಡ್ಡಿ ಬದಲಿಸಿದರು. ಸ್ವಲ್ಪ ಕಾಲ ಸುಮ್ಮನಿದ್ದ ವಾಸನೆ ಮತ್ತೆ ಬಂತು, ಬಿಲ್ ಮಾತ್ರ ವಾಪಸ್ ಬರಲಿಲ್ಲ.

ಅವ್ವ ಮೊದಲೇ ಹೇಳಿದ್ದಳು. ರೊಟ್ಟಿಗೆ ಈ ನೀರು ಹಾಕಿ ನೋಡಿ, "ಇದು ಎಸರೇನೋ? ರೊಟ್ಟಿ ಹರಿಲಿಕತ್ತಾವ, ಒಲಿ ಹಚ್ಚು" ಅಂದಳು. ಜೋಳದ ಹಿಟ್ಟಿಗೆ ಜಿಗಿ ಬರಲು ಕುದಿಯುವ ಎಸರೇ ಬೇಕು, 60 ಡಿಗ್ರಿ ಎಲ್ಲಿ ಸಾಕು?

ಈಗ ಕುಡಿಯುವುದಕ್ಕೆ ಗೀಜರ್ ನೀರು ಬಂದ್. ಬಿಸಿ ನೀರು ಪೈಪು, ಹಿತ್ತಾಳೆ ನಲ್ಲಿಗಳ ಲೋಹವನ್ನೂ ತಣ್ಣೀರಿಗಿಂತ ಜಾಸ್ತಿ ಕರಗಿಸುತ್ತದೆ. ಹಾಗಾಗಿ ಕಾರ್ಪೊರೇಷನ್ನಿನ ತಣ್ಣೀರನ್ನೇ ಒಲೆಯ ಮೇಲೆ ಕುದಿಸುತ್ತೇನೆ. ಕ್ಲೋರಿನ್ನೂ ಹೋಗುತ್ತದೆ, ಅದಿದ್ದರೆ ಹುಳಿ ಬರುವುದು ತಡ. ಪೂರ್ತಿ ಆರಿದ ಮೇಲೆಯೇ ಶುಂಠಿ ಹೆಪ್ಪು (ಶುಂಠಿ, ಸಕ್ಕರೆ ನೀರಿನಲ್ಲಿ ಮೊದಲೇ ಹುಳಿ ಬರಿಸಿಟ್ಟದ್ದು) ಹಾಕಬೇಕು, ಬಿಸಿಗೆ ಅದು ಸಾಯುತ್ತದೆ. ನಮ್ಮೂರ ಮೇ ತಿಂಗಳಲ್ಲಂತೂ ಬಾಟಲಿ ಬೇಗ ಬಿಗಿಯುತ್ತದೆ. ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಒಡೆಯುತ್ತದೆ. ಆಗ ಮಾಳಿಗೆಯ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ, ಗೀಜರ್ ಯಾಕೆ ಬೇಕು ಅಲ್ವಾ?

ಸ್ನಾನಕ್ಕೆ, ಬಾಟಲಿ ತೊಳೆಯಲಿಕ್ಕೆ ಗೀಜರ್ ಚೆನ್ನಾಗಿದೆ. ಬೋರ್ ನೀರಿನ ಮನೆಯವರು ಕೊಳ್ಳುವ ಮೊದಲು ಅಂಗಡಿಯಲ್ಲಿ ಸ್ಟಾರ್ ಎಷ್ಟು ಅಂತ ಕೇಳುವುದಕ್ಕಿಂತ, ಆ ಕಡ್ಡಿಗೆಷ್ಟು, ಬದಲಿಸುವ ಕೂಲಿಯೆಷ್ಟು ಅಂತ ಕೇಳಿ.